ನೀರು ಹ್ಯಾಂಗ ಅದಾವ್ರಿ?

ಮನೆ ಹುಡುಕುವುದೇ ನನ್ನ ಸಾಯಂಕಾಲದ ಉದ್ಯೋಗವಾಗಿದ್ದ ದಿನಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಆಳಂದದಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಒಂದೂ ಇಲ್ಲ. ಪ್ಲಾಟಿನ ಬೋರ್ಡುಗಳು ಬೇಕಾದಷ್ಟಿವೆ. ತೊಗರಿ ಹೊಲದ ನಡುವೆ ನಾಲ್ಕು ಕಲ್ಲು ನೆಟ್ಟು, ಗಂಡ ಹೆಂಡತಿ ಮಕ್ಕಳು ನಗುತ್ತಿರುವ ಚಿತ್ರ ಹಾಕಿರುತ್ತಾರೆ; ಬಿಸಿಲಿಗೆ ಆ ಚಿತ್ರದ ಬಣ್ಣ ಹೋದರೂ ಪಾಪ ಅವರು ನಗುವುದು ಬಿಟ್ಟಿಲ್ಲ. ಆದರೆ ಜನ ಬಾಳಿದ ಮನೆಯನ್ನು ಮಾರುತ್ತೇವೆಂದು ಯಾರೂ ಬರೆದು ತೂಗುಹಾಕುವುದಿಲ್ಲ. ಹಾಗಂತ ಮನೆಗಳು ಕೈ ಬದಲಾಗುವುದಿಲ್ಲವೆ? ಆಗುತ್ತವೆ. ನಿನ್ನೆಯವರೆಗೆ ಒಬ್ಬರ ಹೆಸರಿದ್ದ ಬಾಗಿಲಿಗೆ ಇವತ್ತು ಇನ್ನೊಬ್ಬರ ತೋರಣ. ಯಾವಾಗ ಮಾರಿದರು ಎಂದು ಕೇಳಿದರೆ, “ಎಲ್ಲಾರಿಗೂ ಗೊತ್ತಿತ್ತಲ್ರಿ ಸರ್” ಎಂಬ ಉತ್ತರ ಬರುತ್ತದೆ. ಆ ಎಲ್ಲರೊಳಗೆ ನಾನು ಯಾವತ್ತೂ ಇರುತ್ತಿರಲಿಲ್ಲ.

ನನಗೆ ಮನೆ ಬೇಕಾಗಿದ್ದದ್ದು ಅವ್ವನಿಗಾಗಿ. ಗೊಬ್ಬೂರಿನಿಂದ ಅವಳನ್ನು ಕರೆತಂದಾಗ ನಾವಿದ್ದದ್ದು ಬಾಡಿಗೆಯ ಮಹಡಿ ಮನೆಯಲ್ಲಿ. ಗಾಳಿ ಚೆನ್ನಾಗಿದೆ ಎಂದು ನಾನು, ಕಸ ಕಡಿಮೆ ಎಂದು ನನ್ನ ಹೆಂಡತಿ, ಇಬ್ಬರೂ ಮೆಚ್ಚಿಕೊಂಡೇ ಹಿಡಿದ ಮನೆ. ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ಮೆಟ್ಟಿಲು ಎಂಬುದು ಅವಳಿಗೂ ಜಗತ್ತಿಗೂ ನಡುವೆ ಅಡ್ಡ ನಿಂತಿತು. ದವಾಖಾನೆಗೆ ಮತ್ತು ಓಟು ಹಾಕಲು ಮಾತ್ರ ಇಳಿಯುತ್ತಿದ್ದಳು. ಜೀವಮಾನವಿಡೀ ಹೋಗಿ ಬರುವವರನ್ನು ಮಾತಾಡಿಸಿಯೇ ಉಂಡವಳು ಈಗ ಕಿಟಕಿಯ ಸರಳು ಹಿಡಿದು, ಕೆಳಗೆ ಹೋಗುವ ಮಂದಿಯ ನೆತ್ತಿ ನೋಡುತ್ತ ಕೂತಿರುತ್ತಿದ್ದಳು. “ಅಟ್ಟದ ಮ್ಯಾಲ ಇಟ್ಟ ಉಪ್ಪಿನಕಾಯಿ ಭರಣಿ ಆಗೇನಿ ನೋಡು. ಕೆಡಾಂಗಿಲ್ಲ ಖರೆ, ಯಾರ ಕೈಗೂ ಹತ್ತಾಂಗಿಲ್ಲ” ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಅದನ್ನು ಕೇಳಿದ ಸಾಯಂಕಾಲ ನಾನು ಇನ್ನೂ ಎರಡು ಓಣಿ ಹೆಚ್ಚು ತಿರುಗುತ್ತಿದ್ದೆ.

ಅವಳಿಗೆ ಬೇಕಾದದ್ದು ನೆಲಕ್ಕಿರುವ, ಕಟ್ಟೆ ಇರುವ ಮನೆ. ಈ ಕಟ್ಟೆ ಎಂಬುದರ ಬಗ್ಗೆ ನಾನು ಸಾಕಷ್ಟು ವಿಚಾರ ಮಾಡಿದ್ದೇನೆ. ಅಳೆದರೆ ಅದು ಮನೆಯವರದು, ಕೂತು ನೋಡಿದರೆ ಬೀದಿಯವರದು. ನಮ್ಮ ಹಳೆಯ ವಾಡೆ ಮನೆಗಳನ್ನು ಕಟ್ಟಿದವರು ಬಾಗಿಲನ್ನು ತಲೆ ಬಗ್ಗಿಸಿ ಒಳಗೆ ಬರುವಷ್ಟು ಗಿಡ್ಡ ಮಾಡಿ, ಗೋಡೆಯನ್ನು ಕೋಟೆಯಷ್ಟು ದಪ್ಪ ಮಾಡಿ, ಒಳಗಿನದೆಲ್ಲ ಮುಚ್ಚಿಟ್ಟುಕೊಂಡರು. ಆಮೇಲೆ ಬಾಗಿಲ ಎರಡೂ ಬದಿ ಕಲ್ಲು ಹಾಸಿ, ಬರ್ರಿ ಕೂಡ್ರಿ ಎಂದು ಊರಿಗೇ ಬಿಟ್ಟುಕೊಟ್ಟರು. ಈಗಿನ ಮನೆಗಳದ್ದು ಉಲ್ಟಾ. ಕಿಟಕಿಗಳೆಲ್ಲ ಬಾಗಿಲಿನಷ್ಟು ದೊಡ್ಡವು, ಕಟ್ಟೆಯ ಜಾಗದಲ್ಲಿ ಮಾತ್ರ ಕಂಪೌಂಡು, ಗೇಟು, ಒಳಗೊಂದು ಕಾರು. ಹಾಗಾಗಿ ಕಲಬುರಗಿ ರಸ್ತೆ ಕಡೆಯ ನಮ್ಮ ಬಡಾವಣೆಯಲ್ಲಿ ಕಟ್ಟೆ ಇರುವ ಮನೆ ಬೆರಳೆಣಿಕೆಯಷ್ಟು. ಅವುಗಳ ಮೇಲೆ ಕಣ್ಣಿಟ್ಟವರು ಬಹಳ. ಅಫಜಲಪುರದ ವ್ಯಾಪಾರಿಗಳು, ಹವಳಗಾದ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು, ಬ್ಯಾಂಕಿನವರು, ಜೊತೆಗೆ ನನ್ನಂಥ ಮೇಷ್ಟ್ರುಗಳು, ಎಲ್ಲರಿಗೂ ಕಟ್ಟೆ ಉಳಿದಿರುವ ಅದೇ ಎರಡು ಓಣಿ ಬೇಕು.

ನನಗೆ ದಾರಿ ತೋರಿಸಿದವನು ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಸಿದ್ದಣ್ಣ. ಅದಕ್ಕೂ ಮೊದಲು ನಾನೊಬ್ಬ ಹಿರಿಯರನ್ನು ನೇರವಾಗಿ, “ಮನಿ ಕೊಡ್ತೀರೇನ್ರಿ?” ಎಂದು ಕೇಳಿ, “ಯಾಕ್ರಿ, ನಾವೇನ್ ಸತ್ತೇವೇನು?” ಎಂದು ಅನ್ನಿಸಿಕೊಂಡು ಬಂದಿದ್ದೆ. ಸಿದ್ದಣ್ಣ ತಲೆ ಚಚ್ಚಿಕೊಂಡ. “ಹಂಗ ಕೇಳಬಾರದ್ರಿ ಸರ್. ಮನಿ ಮಾರತೇವಿ ಅಂತ ಬಾಯಿಬಿಟ್ಟರ ಮನಿತನಾನ ಬಿತ್ತು ಅಂತಾರ ಮಂದಿ. ನೀವು ಸುಮ್ಮನ ಹೋಗ್ರಿ, ಕೂಡ್ರಿ, ಚಾ ಕುಡೀರಿ. ಏಳೂ ಹೊತ್ತಿಗೆ ‘ನೀರು ಹ್ಯಾಂಗ ಅದಾವ್ರಿ?’ ಅಂತ ಕೇಳ್ರಿ. ಅಷ್ಟ.”

ಇಲ್ಲಿಯ ವ್ಯವಹಾರವೆಲ್ಲ ಆ ಪ್ರಶ್ನೆಯಲ್ಲಿದೆ. ನೀರಿನ ವಿಚಾರ ಯಾರು ಯಾರನ್ನು ಕೇಳಿದರೂ ಮರ್ಯಾದೆಗೆ ಧಕ್ಕೆಯಿಲ್ಲ. ಮನೆಯವರು “ಚಲೋ ಅದಾವ್ರಿ” ಎಂದು ಸುಮ್ಮನಾದರೆ, ಅವರಿಗೆ ಮಾರುವ ಮನಸ್ಸಿಲ್ಲ. ನೀವು ಚಪ್ಪಲಿ ಮೆಟ್ಟಿ ಬರಬಹುದು. “ಚಲೋ ಅದಾವ್ರಿ, ಆದ್ರ...” ಎಂದರೋ, ಮತ್ತೆ ಕೂರಬೇಕು. ಆ ‘ಆದ್ರ’ದ ಮುಂದೆ ಮನೆ ಇರುತ್ತದೆ. ಹೆಣ್ಣು ನೋಡಲು ಹೋದವರು ಸಹ ಇಷ್ಟು ಸುತ್ತಿ ಬಳಸಿ ಮಾತಾಡುವುದಿಲ್ಲ. ವಿಜ್ಞಾನ ಕಲಿಸುವ ನಾನು ಊರೆಲ್ಲ ನೀರಿನ ಗುಣ ವಿಚಾರಿಸುತ್ತ ತಿರುಗುವುದನ್ನು ಕಂಡು, ಸರ್ಕಾರದವರು ಯಾವುದೋ ಪರೀಕ್ಷೆಗೆ ಹಚ್ಚಿದ್ದಾರೆಂದು ತಿಳಿದವರೂ ಇದ್ದರು.

ಹೀಗೆ ತಿರುಗುತ್ತ ಶರಣಪ್ಪ ಕಾಕಾರ ಮನೆ ಸಿಕ್ಕಿತು. ಕಾಕಾ ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ಬಾಗಿಲ ಎರಡೂ ಬದಿ ಕಟ್ಟೆ, ಎದುರಿಗೆ ಬೇವಿನ ಮರ, ಮಧ್ಯಾಹ್ನದ ಮೇಲೆ ನೆರಳು. ಅವ್ವ ಅಲ್ಲಿ ಕೂತಿರುವುದು ನನ್ನ ಕಣ್ಣಿಗೆ ಆಗಲೇ ಕಾಣಿಸಿಬಿಟ್ಟಿತು. ನೀರು ಕೇಳಿದೆ. “ಸಿಹಿನೀರು ಅದಾವ್ರಿ ಸರ್. ಆದ್ರ ನಮಗೂ ಇಷ್ಟ ದೊಡ್ಡ ಮನಿ ಸಾಕಾಗೇದ” ಎಂದರು ಕಾಕಾ. ಏಳಲು ಹೊರಟಿದ್ದ ನಾನು ಮತ್ತೆ ಗಟ್ಟಿಯಾಗಿ ಕೂತೆ. ಅಷ್ಟರಲ್ಲಿ ಅವರ ಹೆಂಡತಿ ಗುರುಬಾಯಿ ಸೆರಗಿನಲ್ಲಿ ಹಿಡಿದು ಚಹಾ ತಂದರು.

ಈಗ ನನ್ನ ಹೊಟ್ಟೆಯ ಬಗ್ಗೆ ಹೇಳಬೇಕು. ಊರ ಮನೆಗಳ ಚಹಾ ಕುಡಿದು ಕುಡಿದು ಎದೆಯುರಿ ಹತ್ತಿ, ಡಾಕ್ಟರು ಆ ವಾರವಷ್ಟೇ ಚಹಾ ಬಿಡಿಸಿದ್ದರು. ಹೊಟ್ಟೆ ಸರಿಯಿಲ್ಲ ಎಂದು ಹೇಳಲು ನಾಚಿಕೆಯಾಗಿ, “ಬ್ಯಾಡ್ರಿ, ಈಗರೆ ಕುಡದ ಬಂದೇನಿ” ಎಂದೆ. ಗುರುಬಾಯಿ ಬಟ್ಟಲನ್ನು ಸ್ವಲ್ಪ ಹೊತ್ತು ಹಿಡಿದೇ ನಿಂತು, ಒಳಗೆ ಒಯ್ದರು. ಕಾಕಾ ಮಳೆಯ ಮಾತು ತೆಗೆದರು. ಮನೆಯ ಮಾತು ಮತ್ತೆ ಬರಲಿಲ್ಲ.

ಮುಂದಿನ ವಾರ ಸಿದ್ದಣ್ಣ ಸುದ್ದಿ ತಂದ. ಕಾಕಾರ ಮನೆ ಅಫಜಲಪುರದವರ ಸಂಗಡ ‘ಮಾತಾಗಿತ್ತು’. ನಮ್ಮಲ್ಲಿ ಮಾತಾಯಿತೆಂದರೆ ಆಯಿತು, ಕಾಗದ ಪತ್ರ ಆಮೇಲೆ. “ನೀವು ಅವರ ಮನಿ ಚಾ ಒಲ್ಲೆ ಅಂದ್ರಂತಲ್ರಿ? ‘ನಮ್ಮ ಬಟ್ಟಲಾ ಮುಟ್ಟದವರು ನಮ್ಮ ಮನ್ಯಾಗ ಹ್ಯಾಂಗ ಇರ್ತಾರ’ ಅಂತ ಆ ಹೆಣ್ಮಗಳು ಕಣ್ಣೀರು ಹಾಕಿದಳಂತ” ಎಂದ. ಮನೆ ಹೋದ ಸಿಟ್ಟು ಬೇರೆ, ಹೀಗೆ ಅರ್ಥವಾಯಿತಲ್ಲ ಎಂಬ ಅವಮಾನ ಬೇರೆ. ಒಂದು ಲೋಟ ಚಹಾಕ್ಕೆ ಇಷ್ಟು ಅರ್ಥ ತುಂಬಿದವರು ಯಾರು ಎಂದು ಬೈದುಕೊಂಡೆ. ಆದರೆ ಜಾತಿ ನೋಡಿ ಹಿಂದೆ ಯಾರ ಮನೆಯ ಲೋಟವನ್ನು ಯಾರು ಮುಟ್ಟುತ್ತಿರಲಿಲ್ಲ ಎಂಬುದನ್ನು ನೆನೆದರೆ, ಗುರುಬಾಯಿಯ ಕಣ್ಣೀರಿನಲ್ಲಿ ತಪ್ಪಿರಲಿಲ್ಲ.

ಅವ್ವನಿಗೆ ಹೇಳಿದೆ. ಮನೆ ಹೋಯಿತೆಂಬುದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. “ಮಾಡಿ ತಂದ ಚಾ ವಾಪಸ್ ಕಳಸಿದ್ಯಾ?” ಎಂದಳು. “ನನ್ನ ಇಳಸು. ನಾ ಹೋಗಿ ಕುಡದ ಬರ್ತೇನಿ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸಿದ್ದಣ್ಣ ಮುಂದೆ ನಾನು ಹಿಂದೆ ಹಿಡಿದು ಮೆಟ್ಟಿಲು ಇಳಿಸಿದೆವು. “ನನ್ನ ಹೊರೂ ದಿನ ನಾಕ್ ಮಂದಿ ಬೇಕಾಗ್ತದಂತ ತಿಳಕೊಂಡಿದ್ದೆ. ಇಬ್ಬರ ಮ್ಯಾಲ ಕೆಲಸ ಆತಲ್ಲೋ” ಎಂದು ಅವ್ವ ಕುರ್ಚಿಯಿಂದಲೇ ಚೇಷ್ಟೆ ಮಾಡಿದಳು. ಸಿದ್ದಣ್ಣನಿಗೆ ನಗು ಬಂದು ಕುರ್ಚಿ ವಾಲಿತು, ನನಗೆ ಜೀವ ಹೋಗಿ ಬಂತು.

ಆಟೋದಿಂದ ಇಳಿದ ಅವ್ವ ಕಾಕಾರ ಕಟ್ಟೆಯ ಮೇಲೆಯೇ ಕೂತಳು. “ನಿಮ್ಮ ಚಾ ಕುಡೀಲಿಕ್ಕೆ ಬಂದೇನಿ ಯವ್ವಾ. ನನ್ನ ಮಗಗ ಎದಿ ಉರೀತದ. ಹೇಳಾಕ ನಾಚಗೊಂಡಾನ, ಅಷ್ಟ” ಎಂದು ನನ್ನ ಹೊಟ್ಟೆಯ ಸಮಾಚಾರವನ್ನು ಇಡೀ ಓಣಿಗೆ ಕೇಳಿಸಿದಳು. ಗುರುಬಾಯಿ ನನ್ನ ಮುಖ ನೋಡಿದರು, ನಕ್ಕರು, ಒಳಗೆ ಹೋಗಿ ಚಹಾ ತಂದರು. ಅವ್ವ ಬಟ್ಟಲ ಕೆಳಗಿನ ಬಸಿಗೆ ಬಗ್ಗಿಸಿಕೊಂಡು ಎರಡು ಸಲ ಕುಡಿದಳು. ಗುರುಬಾಯಿಯ ತವರು ಅವ್ವನಿಗೂ ಗೊತ್ತಿದ್ದ ಜಿಡಗಾ ಎಂದು ತಿಳಿದ ಮೇಲಂತೂ ಅವರಿಬ್ಬರ ಮಾತಿಗೆ ತುದಿ ಮೊದಲಿರಲಿಲ್ಲ. ತಿಂಗಳುಗಳಿಂದ ಮಂದಿಯ ನೆತ್ತಿ ಮಾತ್ರ ನೋಡಿದ್ದವಳು ಅವತ್ತು ಹೋಗಿ ಬರುವವರ ಮುಖ ನೋಡಿ, ಗುರುತಿಲ್ಲದವರನ್ನೂ ಮಾತಾಡಿಸಿದಳು. ಮನೆಯ ಮಾತು ಮಾತ್ರ ಎತ್ತಲಿಲ್ಲ.

ಏಳುವಾಗ ಗುರುಬಾಯಿಯೇ ಅಂದರು: “ಕೊಟ್ಟ ಮಾತು ಹಿಂದ ತಗೋಳಾಕ ಬರಾಂಗಿಲ್ಲಕ್ಕಾ.”

“ತಗೋಬ್ಯಾಡ. ನಾ ಮನಿ ಕೇಳಾಕ ಬಂದಿಲ್ಲ” ಎಂದಳು ಅವ್ವ.

ನನ್ನೊಳಗೆ ಒಂದು ಸಣ್ಣ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅದನ್ನು ಅಲ್ಲಿಯೇ ಬಿಟ್ಟು, ಕುರ್ಚಿ ಹೊತ್ತು ಮೇಲೆ ಬಂದೆವು. ಇಳಿಸಿದ್ದಕ್ಕಿಂತ ಏರಿಸುವುದು ಕಷ್ಟವಾಯಿತು. ಅವ್ವ ಮತ್ತೆ ಕಿಟಕಿಗೆ ಹೋಗಿ ಕೂತಳು.

ಕೆಲವು ದಿನ ಕಳೆದ ಮೇಲೆ ಯಾರೋ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತುವ ಸದ್ದಾಯಿತು. ಗುರುಬಾಯಿ. “ಇಷ್ಟ ಎತ್ತರ ಇಟ್ಟಾರೇನ ನಿನ್ನ?” ಎನ್ನುತ್ತ ಅವ್ವನ ಪಕ್ಕ ಕೂತು, ನಮ್ಮ ಚಹಾ ಕುಡಿದು, ಬಟ್ಟಲು ಕೆಳಗಿಟ್ಟ ಮೇಲೆ ದನಿ ತಗ್ಗಿಸಿದರು. ಹಿಂದಿನ ಓಣಿಯಲ್ಲಿರುವ ಅವರ ತಂಗಿಯ ಮನೆಯವರು ಜೇವರ್ಗಿಗೆ ಹೋಗುವವರಿದ್ದರು. “ಒಂದ ಬದಿ ಕಟ್ಟಿ ಅದ. ಇನ್ನಾ ಯಾರ ಮುಂದೂ ಹೇಳಿಲ್ಲ, ನಿನಗ ಮೊದಲ ಹೇಳಾಕತ್ತೇನಿ.”

ಕೊನೆಗೂ ನಾನು ಆ ಎಲ್ಲರಿಗಿಂತ ಮೊದಲು ತಿಳಿದವನಾದೆ. ಮರುದಿನವೇ ಹೋಗಿ, ಎದೆಯುರಿಯನ್ನು ದೇವರ ಮೇಲೆ ಹಾಕಿ, ಎರಡು ಬಟ್ಟಲು ಚಹಾ ಕುಡಿದೆ. ಮಾತಾಯಿತು.

ಈಗ ಬೆಳಗ್ಗೆ ಬಾಗಿಲು ತೆರೆಯುವುದೇ ತಡ, ಅವ್ವ ಗೋಡೆ ಹಿಡಿದುಕೊಂಡು ತಾನೇ ಹೊರಗೆ ಹೋಗಿ ಕಟ್ಟೆಗೆ ಕೂರುತ್ತಾಳೆ. ಬಿಸಿಲು ಏರಿದರೆ ಒಳಗೆ, ಇಳಿದರೆ ಮತ್ತೆ ಹೊರಗೆ. ತರಕಾರಿಯವಳು, ಹತ್ತಿರದ ಸಣ್ಣ ಮನೆಗೆ ಬಂದಿರುವ ಗುರುಬಾಯಿ, ಶಾಲೆಯ ಮಕ್ಕಳು, ಯಾರಾದರೂ ಪಕ್ಕದಲ್ಲಿ ಇದ್ದೇ ಇರುತ್ತಾರೆ. ಅದನ್ನು ನೋಡಿದಾಗ ನನಗಾಗುವ ಸಂತೋಷಕ್ಕೆ ಅಳತೆ ಇಲ್ಲ.

ಮೊನ್ನೆ ಸಾಯಂಕಾಲ ಗುರುತಿಲ್ಲದ, ಹುಡುಗಪ್ರಾಯದ ಬ್ಯಾಂಕಿನವರೊಬ್ಬರು ಬಂದು ಅವ್ವನ ಪಕ್ಕ ಕೂತು ಆ ಮಾತು ಈ ಮಾತು ಆಡತೊಡಗಿದರು. ನನಗೆ ಕೂಡಲೇ ತಿಳಿಯಿತು, ಒಳಗಿನಿಂದ ಕಿವಿಗೊಟ್ಟೆ. ನನ್ನ ಹೆಂಡತಿ ಚಹಾ ಒಯ್ದಳು. “ಬ್ಯಾಡ್ರಿ, ಈಗರೆ...” ಎಂದು ಅವರು ಕೈ ಅಡ್ಡ ಹಿಡಿದರು. ನಾನು ಪುಸ್ತಕ ಒಗೆದು ಓಡಿ ಬಂದು, “ಕುಡೀರಿ, ಕುಡೀರಿ, ನನ್ನ ಮಾತು ಕೇಳ್ರಿ” ಎಂದೆ. ಪಾಪ, ಹೆದರಿ ಕುಡಿದರು. ಬಟ್ಟಲು ಇಟ್ಟು, ಏಳುವ ಹೊತ್ತಿಗೆ, ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

“ಅಜ್ಜಿ, ಇಲ್ಲಿ ನೀರು ಹ್ಯಾಂಗ ಅದಾವ್ರಿ?”

ಅವ್ವ ಸೆರಗು ಸರಿಮಾಡಿಕೊಂಡಳು. ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

“ಚಲೋ ಅದಾವಪ್ಪ” ಎಂದಳು.

ಅವರು ಕಾದರು. ನಾನೂ ಕಾದೆ. ‘ಆದ್ರ’ ಬರಲಿಲ್ಲ.