ಅರ್ಧ ಹೇಳಿದ ಪಾಠ

ಇವತ್ತು ಬನಶಂಕರಿಯಲ್ಲಿ ಮೆಟ್ರೋ ಹತ್ತಿದಾಗ ಪಕ್ಕದಲ್ಲಿ ಕೂತವರಿಂದ ನೋವಿನೆಣ್ಣೆಯ ವಾಸನೆ ಬಂತು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಎಣ್ಣೆಗೆ ಹೆದರುವ ಪ್ರೊಫೆಸರ್ ಅಂತ ನಗಬೇಡಿ, ಕಾರಣ ಇದೆ.

ಹದಿನೈದು ವರ್ಷದ ಹಿಂದಿನ ಮಾತು. ಜಯನಗರದ ಕಾಲೇಜೊಂದರಲ್ಲಿ ಬೆಳಿಗ್ಗೆ ಜೀವಶಾಸ್ತ್ರ ಪಾಠ ಮಾಡಿ, ಮಧ್ಯಾಹ್ನ ಮೈಕ್ರೋಸ್ಕೋಪಿನ ಮುಂದೆ ಕೂತು ಕೋಳಿಭ್ರೂಣದ ನರಕೋಶಗಳು ಸಾಯುವುದನ್ನು ನೋಡುತ್ತಿದ್ದೆ. ಅದೇ ನನ್ನ ಸಂಶೋಧನೆ. ಪಾಠ ಅದಕ್ಕೊಂದು ಅಡ್ಡಿ ಅನ್ನುವ ಜಂಬವೂ ಒಳಗೊಳಗೇ ಇತ್ತು. ಒಂದು ದಿನ ಕ್ಲಾಸ್ ಮುಗಿದ ಮೇಲೆ ಶಶಿಕಲಾ ಅನ್ನುವ ವಿದ್ಯಾರ್ಥಿನಿ ಬಾಗಿಲ ಹತ್ತಿರ ನಿಂತಳು.

"ಮೇಡಂ, ಮಿದುಳಲ್ಲಿ ಸತ್ತ ನರಕೋಶ ವಾಪಸ್ ಬರುತ್ತಾ?"

"ಇಲ್ಲಮ್ಮ. ಹೋಗಿದ್ದು ಹೋದ ಹಾಗೇ," ಅಂದು ನಡೆದೇಬಿಟ್ಟೆ.

ಆಮೇಲೆ ಹನ್ನೆರಡು ದಿನ ಅವಳು ಬರಲಿಲ್ಲ. ಗೆಳತಿಯನ್ನು ಕೇಳಿದೆ. "ಅವರಪ್ಪಂಗೆ ಸ್ಟ್ರೋಕ್ ಆಗಿದೆ ಮೇಡಂ. ಅಮ್ಮ ಕೆಲಸಕ್ಕೆ ಹೋಗ್ತಾರೆ, ಇವಳೇ ನೋಡ್ಕೋತಿದ್ದಾಳೆ."

ಅವತ್ತೇ ಅವಳ ಮನೆಗೆ ಹೊರಟೆ. ಅಂಜನಾಪುರದ ಬಸ್ಸಿನಲ್ಲಿ, ಹೇಳಬೇಕಾದ್ದನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡೆ. ಬಾಗಿಲು ತೆರೆದರೆ ಅದೇ ಎಣ್ಣೆಯ ವಾಸನೆ. ಅವರಪ್ಪ ಕುರ್ಚಿಯಲ್ಲಿ ಬಲಕ್ಕೆ ವಾಲಿ ಕೂತಿದ್ದರು.

"ದಿನಾ ಎಕ್ಸರ್‌ಸೈಜ್ ನಾನೇ ಮಾಡಿಸ್ತಿದ್ದೆ," ಅಂದಳು ಶಶಿಕಲಾ. "ನೀವು ಹೇಳಿದ್ಮೇಲೆ ಸುಮ್ನೆ ಯಾಕೆ ನೋಯಿಸೋದು ಅಂತ ಬಿಟ್ಟೆ."

ಬಾಯಿಪಾಠವೆಲ್ಲ ಮರೆತುಹೋಯಿತು. "ನಾನು ಅರ್ಧ ಹೇಳಿದ್ದೆ ಕಣಮ್ಮ, ತಪ್ಪು ನಂದು. ಸತ್ತ ಕೋಶ ಬರಲ್ಲ. ಆದ್ರೆ ಪಕ್ಕದವು ಅದರ ಕೆಲಸ ಕಲೀಬಹುದು. ದಿನಾ ಕಲಿಸ್ತಾ ಇರ್ಬೇಕು."

ಅವರಪ್ಪ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಮಗಳ ಮಡಿಲಲ್ಲಿಟ್ಟರು.

ಕೆಲವು ತಿಂಗಳಲ್ಲಿ ಅವರು ಕೋಲು ಹಿಡಿದು ನಡೆಯುವಂತಾದರು. ಬೆರಳುಗಳು ಮಾತ್ರ ಪೂರ್ತಿ ಬಿಚ್ಚಲಿಲ್ಲ. ಆ ಹನ್ನೆರಡು ದಿನ ಬಿಟ್ಟಿದ್ದಕ್ಕೇ ಹೀಗಾಯಿತಾ ಅಂತ ಡಾಕ್ಟರೊಬ್ಬರನ್ನು ಕೇಳಿದೆ. "ಹೇಳಕ್ಕಾಗಲ್ಲ," ಅಂದರು. ಹೌದು ಅಂದಿದ್ದರೂ ಇಷ್ಟು ಕಾಡುತ್ತಿರಲಿಲ್ಲವೇನೋ. ನನ್ನ ಸಂಶೋಧನೆ ಸಾಯುವ ಕೋಶಗಳನ್ನು ಬಿಟ್ಟು ಉಳಿದವುಗಳ ಕಡೆ ತಿರುಗಿತು. ಲೇಖನಗಳು ಪ್ರಕಟವಾದವು, ಶಾಲು ಹೊದಿಸಿದರು. ಶಶಿಕಲಾ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಇವತ್ತು ಕಾಲೇಜಿಗೆ ಹೋಗಿ ಅದೇ ನರಕೋಶದ ಅಧ್ಯಾಯ ಪಾಠ ಮಾಡಿದೆ. ಮುಗಿದ ಮೇಲೆ ಒಬ್ಬ ಹುಡುಗಿ ಉಳಿದಳು. "ಮೇಡಂ, ಒಂದು ಡೌಟು."

ಬ್ಯಾಗ್ ಕೆಳಗಿಟ್ಟು, ಕುರ್ಚಿ ಎಳೆದು ಅವಳನ್ನು ಕೂರಿಸಿದೆ. "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಅವಳಿಗೆ ಗಾಬರಿಯಾಯಿತು. "ಇಲ್ಲ ಮೇಡಂ. ಇದು ಪರೀಕ್ಷೆಗೆ ಬರುತ್ತಾ ಅಂತ ಅಷ್ಟೇ."

ಬರುತ್ತೆ ಅಂದೆ. ಅವಳು ಹೊರಟಳು. ನಿಜ ಹೇಳಿದಳಾ ಅಂತ, ಅವಳು ಕಾರಿಡಾರಿನ ತುದಿ ದಾಟುವವರೆಗೂ ನೋಡುತ್ತ ನಿಂತೆ.