ಪೂಜೆಗಿಟ್ಟ ಸ್ಪ್ಯಾನರ್

ಮೊನ್ನೆ ತರೀಕೆರೆಯಿಂದ ಬರುವಾಗ ಬಸ್ಸಿನೊಳಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಕಡೂರಿನ ನಮ್ಮ ಮೇಸ್ತ್ರಿ ನೆನಪಾದರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಕಡೂರಿನ ಸಾಹುಕಾರರೊಬ್ಬರ ಲಾರಿ ಓಡಿಸುತ್ತಿದ್ದೆ. ಅದರ ರಿಪೇರಿಯೆಲ್ಲ ಮೇಸ್ತ್ರಿಯವರದೇ. ಬೆಳಿಗ್ಗೆ ಹೊರಡುವ ಮೊದಲು ಅವರ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಲೇಬೇಕು. ಸುತ್ತಿಗೆ ಹಿಡಿದು ಚಕ್ರದ ಒಂದೊಂದು ನಟ್ಟನ್ನೂ ತಟ್ಟಿ, ಸದ್ದು ಕೇಳಿ, ಸಡಿಲವಿದ್ದರೆ ಬಿಗಿ ಮಾಡಿ ಕಳಿಸುತ್ತಿದ್ದರು. "ಮಂಗಳಾರತಿ ಆಯ್ತಾ ಮೇಸ್ತ್ರಿ?" ಎಂದು ನಾವು ಡ್ರೈವರುಗಳು ರೇಗಿಸುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಒಂದು ಆಯುಧಪೂಜೆಯ ಹಿಂದಿನ ದಿನ ಬ್ರೇಕ್ ಪೆಡಲು ಯಾಕೋ ಆಳಕ್ಕೆ ಇಳಿಯುತ್ತಿದೆ ಅನ್ನಿಸಿತು. ಲಾರಿ ತೊಳೆಯುವುದು, ಬಾಳೆಕಂದು ಕಟ್ಟುವುದು ಇನ್ನೂ ಬಾಕಿಯಿತ್ತು, ದಣಿದಿದ್ದೆ. ಹಬ್ಬದ ದಿನ ಯಾರು ಓಡಿಸುತ್ತಾರೆ ಎಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿದಿತ್ತಷ್ಟೆ, ಸಾಹುಕಾರರು ಹೇಳಿ ಕಳಿಸಿದರು: ಬೀರೂರಿಗೆ ರೈಲಿನ ವ್ಯಾಗನ್ ಬಂದಿದೆ, ಅಜ್ಜಂಪುರದ ಕಡೆಯ ಈರುಳ್ಳಿ ಇವತ್ತೇ ತುಂಬಬೇಕು. ಆಗ ಹೆದರಿಕೆಯಾಯಿತು. ಶೆಡ್ಡಿಗೆ ಹೋಗಿ, "ಬ್ರೇಕ್ ಸರಿಯಿಲ್ಲ ಮೇಸ್ತ್ರಿ" ಎಂದೆ. ಅವರ ಸ್ಪ್ಯಾನರು, ಸುತ್ತಿಗೆಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದವು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ.

ಮೇಸ್ತ್ರಿ ಮಣೆಯ ಮುಂದೆ ಬಂದು ನಿಂತರು. ಆಮೇಲೆ ಕೈಮುಗಿದು, ಹೂವು ಸರಿಸಿ, ಸ್ಪ್ಯಾನರ್ ಎತ್ತಿಕೊಂಡರು.

"ಅಯ್ಯೋ, ಮುಟ್ಬೇಡ್ರೀ! ಮನೆಗೆ ಒಳ್ಳೇದಾಗಲ್ಲ ಕಣ್ರೀ" ಎಂದು ಅವರ ಹೆಂಡತಿ ಕೂಗಿದರು.

"ಲಾರಿಗೆ ರಜಾ ಇಲ್ದಿದ್ಮೇಲೆ ಸ್ಪ್ಯಾನರಿಗೂ ರಜಾ ಇಲ್ಲ ಕಣೇ" ಎಂದವರೇ ಲಾರಿಯ ಕೆಳಗೆ ತೂರಿದರು. ಬ್ರೇಕಿನ ರಬ್ಬರ್ ಪೈಪು ಬಿರುಕು ಬಿಟ್ಟು ಎಣ್ಣೆ ಒಸರುತ್ತಿತ್ತು. ಬೇರೆ ಹಾಕಿಕೊಟ್ಟರು. ನಾನು ಲೋಡು ಇಳಿಸಿ ಕ್ಷೇಮವಾಗಿ ಬಂದೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮೇಸ್ತ್ರಿಯವರ ಹೆಂಡತಿ ಜ್ವರ ಬಂದು ತೀರಿಕೊಂಡರು... ಪೂಜೆ ಕೆಡಿಸಿದ್ದಕ್ಕೇ ಹೀಗಾಯಿತೆಂದು ಬೀದಿಯೆಲ್ಲ ಆಡಿಕೊಂಡಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ, ನಟ್ಟು ತಟ್ಟುತ್ತಿದ್ದ ಮೇಸ್ತ್ರಿ ನಡುವೆ ನಿಲ್ಲಿಸಿ ಕೇಳಿದರು. "ಏನಪ್ಪಾ, ಬ್ರೇಕ್ ಕೆಟ್ಟಿದ್ದು ಹಿಂದಿನ ದಿನವೇ ಗೊತ್ತಿತ್ತಾ ನಿಂಗೆ?"

ಹಿಂದಿನ ದಿನವೇ ಹೇಳಿದ್ದರೆ ಅವರು ಪೂಜೆಗಿಟ್ಟದ್ದನ್ನು ಎತ್ತಬೇಕಾಗಿಯೇ ಇರಲಿಲ್ಲ.

"ಇಲ್ಲ ಮೇಸ್ತ್ರಿ, ಹಬ್ಬದ ಬೆಳಿಗ್ಗೇನೇ ಗೊತ್ತಾಗಿದ್ದು."

"ಹಂಗಾದ್ರೆ ಬಿಡು. ನಾನು ಮಾಡಿದ್ದು ಸರಿ ಐತೆ" ಎಂದು ಮುಂದಿನ ಚಕ್ರಕ್ಕೆ ಹೋದರು.

ಮೇಸ್ತ್ರಿ ಹೋಗಿ ಬಹಳ ವರ್ಷವಾಯಿತು. ಶೆಡ್ಡಿದ್ದ ಕಡೆ ಈಗ ಮೊಬೈಲ್ ಅಂಗಡಿಗಳು. ನನಗೂ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಭುಜ ಮೇಲೇಳುವುದಿಲ್ಲ. ಆ ಒಂದು ಮಾತಿನಿಂದ ಅವರಿಗೆ ನೆಮ್ಮದಿ ಸಿಕ್ಕಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ನಿಜ ಹೇಳಿದ್ದರೆ ಮರುದಿನ ಯಾವ ಮುಖ ಇಟ್ಟುಕೊಂಡು ಅವರ ಶೆಡ್ಡಿಗೆ ಹೋಗುತ್ತಿದ್ದೆ? ನಾನು ಸುಳ್ಳು ಹೇಳಿದ್ದು ಅದಕ್ಕೇ.