ಹಿಟ್ಟಿನ ಡಬ್ಬಿಯ ಕೆಳಗಿನ ಸಂಸೋನ

ರತ್ನಾ, ನನ್ನ ತಮ್ಮನ ಬಾಯಿ ಮುಚ್ಚಿಸಿದವಳು ನಾನು. ಅವನನ್ನು ಕೆಡಿಸಿದವಳು ನೀನೇ ಎಂದು ಚರ್ಚಿನ ಸಭೆಯ ಹೆಂಗಸರು ಆಡಿಕೊಂಡಾಗ, ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದವಳೂ ನಾನೇ.

ಭಾನುವಾರ ಮಕ್ಕಳಿಗೆ ನಾನು ಬೈಬಲ್ಲಿನ ಕತೆ ಹೇಳುವುದು ನಿನಗೆ ಗೊತ್ತಲ್ಲ — ರಟ್ಟಿನ ಚಿತ್ರಗಳನ್ನು ಒಂದೊಂದೇ ಹಲಗೆಗೆ ಅಂಟಿಸುತ್ತ. ಸಂಸೋನ ಸಿಂಹ ಸೀಳಿದ್ದು, ಊರಬಾಗಿಲು ಕಿತ್ತು ಹೆಗಲಿಗೇರಿಸಿದ್ದು, ಕಂಬ ಕೆಡವಿದ್ದು. ನೆಚ್ಚಿದ ದೆಲೀಲಳ ಮೋಸದಿಂದ ತಲೆ ಬೋಳಿಸಿಕೊಂಡು, ಕೂದಲಲ್ಲಿದ್ದ ಶಕ್ತಿ ಕಳೆದುಕೊಂಡ ಮೇಲೆ, ಕುರುಡನಾಗಿ ಸೆರೆಮನೆಯಲ್ಲಿ ಹಿಟ್ಟು ಬೀಸುವ ಚಿತ್ರವೂ ಒಂದಿತ್ತು. ಮಕ್ಕಳು ಹೆದರುತ್ತಾರೆಂದು ಅದನ್ನು ಮನೆಗೆ ತಂದು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದ್ದೆ — ಡಬ್ಬಿಗೆ ನೆಲದ ತೇವ ಏರಬಾರದಲ್ಲ. ದಾವೀದನೂ ನನ್ನ ಬಾಯಲ್ಲಿ ಗೊಲ್ಯಾತನನ್ನು ಕೊಂದಲ್ಲಿಗೇ ಮುಗಿಯುತ್ತಿದ್ದ. ಮಾಳಿಗೆಯ ಮೇಲೆ ನಿಂತು ಮಂದಿಯ ಹೆಂಡತಿಯನ್ನು ನೋಡಿದ ದಾವೀದ ಎಂದೂ ಬರಲಿಲ್ಲ.

ಮಕ್ಕಳ ಕಣ್ಣೆದುರಿನ ಸಂಸೋನನೆಂದರೆ ನಿನ್ನ ಗಂಡ, ನಮ್ಮ ದಾನಪ್ಪ. ರಾಯಬಾಗದ ತಾಲೀಮಿನಲ್ಲಿ ಪಳಗಿದ ಪೈಲವಾನ. ಕ್ರಿಸ್ಮಸ್ ನಾಟಕದಲ್ಲಿ ಥರ್ಮಾಕೋಲಿನ ಕಂಬ ದೂಡಿದರೆ ಮಕ್ಕಳು ಚೀರುತ್ತಿದ್ದರು:

"ಮಾಮಾ, ಖರೇ ಕಂಬಾ ಕೆಡವು!"

"ಬ್ಯಾಡ್ರಲೇ, ಚರ್ಚ್ ಬಿದ್ರ ಪಾಸ್ಟರು ನಮ್ಮ ಮನ್ಯಾಗ ಬಂದು ಮಲಗ್ತಾರ!"

ಒಂದು ಭಾನುವಾರ ಸಭೆಗೆ ಮುಂಚೆ ಅವನು ನನ್ನ ಅಡುಗೆಮನೆಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅಕ್ಕಾ, ಕುಡ್ಯಾಕತ್ತೀನಿ. ಬಿಡಾಕ ಆಗವಲ್ದು. ಸಭ್ಯಾಗ ತಮ್ಮ ತಮ್ಮ ಪಾಡು ಹೇಳ್ಕೊಳ್ಳೂ ಸಾಕ್ಷಿ ಹೊತ್ತಿನ್ಯಾಗ ಎದ್ದು ನಿಂತು ಹೇಳಿಬಿಡು, ಮಂದಿ ಪ್ರಾರ್ಥನಾ ಮಾಡ್ತಾರ, ದವಾಖಾನಿಗಿ ಕರ್ಕೊಂಡು ಹೋಗ್ತಾರ ಅಂತಾಳ ರತ್ನಾ."

"ಹುಚ್ಚ ಹಿಡದೈತೇನಲೇ? ಹುಡುಗೋರು ನಿನ್ನ ಸಂಸೋನ ಅಂತಾವ. ಸುಮ್ನ ಕುಂದ್ರು."

ಅವನು ನಕ್ಕ. ಬಿಸಿ ರೊಟ್ಟಿ ಅರ್ಧ ಮುರಿದುಕೊಂಡು ಹೋದ. ಅಂದು ಎದ್ದು ನಿಲ್ಲಲಿಲ್ಲ — ಮತ್ತೆಂದೂ ಇಲ್ಲ. ಮಕ್ಕಳ ಸಲುವಾಗಿ ಹೇಳಿದೆ ಎಂದುಕೊಂಡೆ. ಅಲ್ಲ. ಪೈಲವಾನನ ಅಕ್ಕ ಎನ್ನಿಸಿಕೊಳ್ಳುವ ನನ್ನ ಆಸೆ…

ಲಿವರ್ ಕೆಟ್ಟು ಅವನು ಹೋದ. ಮಣ್ಣಿನ ದಿನ ನಿನ್ನ ಬೆನ್ನ ಹಿಂದೆಯೇ ಹೆಂಗಸರು ಅಂದರು: "ಎಂಥಾ ಶಕ್ತಿವಂತ ಇದ್ದನವ್ವಾ. ದೆಲೀಲಳಂಥಾ ಹೇಣ್ತಿ ಸಿಕ್ಕು ಹಾಳಾದ." ನೀನು ನನ್ನ ಮುಖ ನೋಡಿದೆ — ನಾನಾದರೂ ಒಂದು ಮಾತು ಆಡುತ್ತೇನೆಂದು. ನಾನು ಚಹಾದ ಕಪ್ಪುಗಳನ್ನು ಎತ್ತಿಡುತ್ತಿದ್ದೆ.

ಅಥಣಿಯ ತವರಿಗೆ ಹೋದ ನೀನು ನಮ್ಮ ಸಭೆಗೆ ಮತ್ತೆ ಬರಲಿಲ್ಲ.

ನಿನ್ನೆ ಡಬ್ಬಿ ತೊಳೆಯುವಾಗ ಆ ರಟ್ಟು ಕೈಗೆ ಬಂತು. ಅಂಚನ್ನು ಜಿರಲೆ ತಿಂದಿದೆ. ಹಿಟ್ಟು ಒರೆಸಿ ನೋಡಿದೆ — ಬೀಸುವವನ ಬೋಳುತಲೆಯ ಮೇಲೆ ಚಿತ್ರಗಾರ ಸಣ್ಣ ಸಣ್ಣ ಕೂದಲು ಬಿಡಿಸಿದ್ದ. ಶಕ್ತಿ ಮತ್ತೆ ಮೊಳೆಯಲು ಶುರುವಾದದ್ದು ಅಲ್ಲಿ, ಆ ಸೆರೆಮನೆಯಲ್ಲಿ. ಇಷ್ಟು ವರ್ಷ ಕತೆ ಹೇಳಿದ ನಾನು ಅದನ್ನು ನೋಡಿಯೇ ಇರಲಿಲ್ಲ.

ಈ ಭಾನುವಾರ ಅದನ್ನು ಹಲಗೆಗೆ ಅಂಟಿಸುತ್ತೇನೆ. ಆಮೇಲೆ, ಸಾಕ್ಷಿಯ ಹೊತ್ತಿನಲ್ಲಿ, ದಾನಪ್ಪ ಏಳಬೇಕಿದ್ದ ಜಾಗದಲ್ಲಿ ನಾನು ಏಳುತ್ತೇನೆ. ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ. ನಿನ್ನ ಹೆಸರಿನಿಂದಲೇ ಶುರು ಮಾಡುತ್ತೇನೆ.